ಒಂದು ಕಡತ, ಹದಿನೇಳು ಕಾಸರಕೋಡ

ಮೊದಲಿಗೇ ಹೇಳಿಬಿಡುತ್ತೇನೆ, ಇದು ಕೇರಳದ ಕಾಸರಗೋಡಲ್ಲ, ಹೊನ್ನಾವರದ ಕಾಸರಕೋಡ. ಹೆಸರು ಹೇಳಿದಾಗಲೆಲ್ಲ ‘ಓ, ಗಡಿನಾಡಾ?’ ಎಂದು ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿದೆ. ಜೋಗದಲ್ಲಿ ಧುಮುಕಿ ಗೇರುಸೊಪ್ಪೆ ದಾಟಿ ಬಂದ ಶರಾವತಿ ಕಡಲು ಸೇರುವ ಅಳಿವೆಯ ದಕ್ಷಿಣ ದಡ ಇದು. ಆಚೆ ದಡದಲ್ಲಿ ಹೊನ್ನಾವರ ಪೇಟೆ. ಈಚೆ ಗಾಳಿಮರದ ತೋಪು, ಕಾಂಡ್ಲಾ ಕಾಡು, ಮೀನುಗಾರರ ಟೊಂಕ, ಮತ್ತು ಪ್ರವಾಸಿಗರು ‘ಇಕೋ ಬೀಚ್’ ಎಂದು ಕರೆಯುವ ಮರಳ ದಂಡೆ.

ಈ ದಂಡೆಯ ಒಂದು ಫೋಟೊ ಇಟ್ಟುಕೊಂಡು, ಮಳೆಗಾಲ ಮುಗಿದ ಹೊಸತರಲ್ಲಿ, ಭಟ್ಕಳದಿಂದ ಕುಮಟೆಯವರೆಗಿನ ಕೆಲವು ಛಾಯಾಗ್ರಹಣದ ಹುಚ್ಚಿನವರು ಒಂದು ಆಟ ಆಡಿದರು. ಒಬ್ಬರು ತೆಗೆದ ಭೂದೃಶ್ಯದ ರಾ ಕಡತವನ್ನು ಎಲ್ಲರಿಗೂ ಕೊಡುವುದು. ವಾರದೊಳಗೆ ಪ್ರತಿಯೊಬ್ಬರೂ ಅದನ್ನು ತಮಗೆ ತೋಚಿದಂತೆ ಸಂಸ್ಕರಿಸಿ, ಏನೇನು ಮಾಡಿದೆವು ಎಂಬ ಪಟ್ಟಿಯ ಸಮೇತ ತಿರುಗಿ ಕೊಡುವುದು. ಬಹುಮಾನ ಇಲ್ಲ, ಮತ ಇಲ್ಲ. ಡಾರ್ಕ್‌ಟೇಬಲ್, ರಾಥೆರಪಿಯಂಥ ಮುಕ್ತ ತಂತ್ರಾಂಶ ಬಳಸುವವರಲ್ಲಿ ಈ ಆಟ ಜಗತ್ತಿನ ಬೇರೆ ಕಡೆಗಳಲ್ಲೂ ಇದೆ. ಅವುಗಳಲ್ಲಿ ಮೂಲ ಕಡತವನ್ನು ಯಾರೂ ಮುಟ್ಟುವುದಿಲ್ಲ. ತಿದ್ದಿದ್ದೆಲ್ಲ ಪಕ್ಕದ ಸಣ್ಣ ಕಡತವೊಂದರಲ್ಲಿ ಸಾಲಾಗಿ ದಾಖಲಾಗಿರುತ್ತದೆ. ಅದನ್ನೂ ಕಳಿಸಿದರೆ ನಿಮ್ಮ ಕೈ ಎಲ್ಲೆಲ್ಲಿ ಓಡಿತು, ಎಲ್ಲಿ ತಡೆಯಿತು ಎಂದು ಬೇರೆಯವರು ಹೆಜ್ಜೆಹೆಜ್ಜೆಗೂ ನೋಡಬಹುದು. ಕವಿಯೊಬ್ಬನ ಕಾಟು ಹೊಡೆದ ಹಸ್ತಪ್ರತಿ ಸಿಕ್ಕರೆ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಏನು ಖುಷಿಯಾಗುತ್ತದೋ ಅದೇ ಖುಷಿ ಇಲ್ಲೂ ಇದೆ. ಕರಾವಳಿಯ ಕತೆಗಳಲ್ಲಿ ಊರು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ನನ್ನ ಪಿಎಚ್‌ಡಿಯ ವಿಷಯ. ಫೋಟೊ ತಿದ್ದಲು ನನಗೆ ಬರುವುದಿಲ್ಲ. ಬಂದ ಹದಿನೇಳು ರೂಪಗಳನ್ನೂ ಅವುಗಳ ಪಟ್ಟಿಗಳನ್ನೂ ಓದಿದ್ದೇನೆ, ಒಂದು ಕಥಾಸಂಕಲನ ಓದಿದ ಹಾಗೆ.

ಮೂಲ ಚಿತ್ರ ಹೀಗಿದೆ. ಬೆಳಿಗ್ಗೆ, ಸೂರ್ಯ ಬೆನ್ನ ಹಿಂದೆ, ಮೋಡದೊಳಗಿಂದ ಸ್ವಲ್ಪವೇ ಇಣುಕಿದ್ದಾನೆ. ಎದುರಿಗೆ ಬೂದುಬಣ್ಣದ ನೀರು. ಅಳಿವೆಯಾಚೆ ಪಾವಿನಕುರ್ವೆಯ ತೀರ, ಅದಕ್ಕೂ ಆಚೆ ಬಸವರಾಜ ದುರ್ಗದ ನಡುಗಡ್ಡೆ ಮಸುಕಾಗಿ. ಮುಂಭಾಗದಲ್ಲಿ ಮರಳಿಗೆ ಎಳೆದಿಟ್ಟ ಎರಡು ದೋಣಿ, ರಾಶಿ ಬಿದ್ದ ಬಲೆ, ಮುಚ್ಚಳವಿಲ್ಲದ ಒಂದು ಬಿಳಿ ಥರ್ಮಾಕೋಲ್ ಪೆಟ್ಟಿಗೆ. ಎಡಕ್ಕೆ ಒಣಮೀನಿನ ಚಪ್ಪರ, ಅದರ ಮೇಲೆ ನೀಲಿ ಟಾರ್ಪಾಲು. ಚಪ್ಪರದ ನೆರಳಲ್ಲಿ ಬಗ್ಗಿ ಕೆಲಸ ಮಾಡುತ್ತಿರುವ ಇಬ್ಬರು ಹೆಂಗಸರು. ಅವರು ಎಷ್ಟು ಕಪ್ಪಾಗಿ ಬಂದಿದ್ದಾರೆಂದರೆ ಮೊದಲ ನೋಟಕ್ಕೆ ಕಾಣುವುದೇ ಇಲ್ಲ.

‘ಮೂಲ ಚಿತ್ರ’ ಎಂದೆನಲ್ಲ, ಆ ಮಾತು ಪೂರ್ತಿ ನಿಜವಲ್ಲ. ರಾ ಕಡತ ಎಂಬುದು ಇನ್ನೂ ಚಿತ್ರವಾಗಿರುವುದಿಲ್ಲ. ಕ್ಯಾಮೆರಾದ ಸಂವೇದಕದ ಒಂದೊಂದು ಬಿಂದುವಿನ ಮೇಲೂ ಒಂದೊಂದೇ ಬಣ್ಣದ ಸೋಸುಗಾಜು ಇರುತ್ತದೆ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಪ್ರತಿ ಬಿಂದುವಿನಲ್ಲೂ ಕಾಣೆಯಾದ ಇನ್ನೆರಡು ಬಣ್ಣಗಳನ್ನು ಅಕ್ಕಪಕ್ಕದವನ್ನು ನೋಡಿ ಲೆಕ್ಕ ಹಾಕಬೇಕು. ಬಿಳಿ ಯಾವುದು ಎಂದು ಯಾರಾದರೂ ನಿರ್ಧರಿಸಬೇಕು. 14 ಬಿಟ್‌ನ ಕಡತದಲ್ಲಿ ಬೆಳಕಿನ 16,384 ಮೆಟ್ಟಿಲುಗಳಿರುತ್ತವೆ, ನಾವು ಮೊಬೈಲಿನಲ್ಲಿ ನೋಡುವ ಜೆಪೆಗ್ ಚಿತ್ರದಲ್ಲಿ ಒಂದು ಬಣ್ಣಕ್ಕೆ 256 ಮಾತ್ರ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಆಗಲೇಬೇಕು. ನಾವು ಮಾಡದಿದ್ದರೆ ಕ್ಯಾಮೆರಾ ತಯಾರಿಸಿದ ಕಂಪನಿಯ ಎಂಜಿನಿಯರು ಮಾಡಿಟ್ಟಿರುತ್ತಾನೆ. ‘ನಾನು ಎಡಿಟ್ ಮಾಡುವುದಿಲ್ಲ, ಇದ್ದದ್ದು ಇದ್ದ ಹಾಗೆ’ ಎಂದು ಹೆಮ್ಮೆಪಡುವವರ ಚಿತ್ರವೂ ಯಾರೋ ತಿದ್ದಿದ್ದೇ.

ಕಡಲಿನ ವಿಷಯದಲ್ಲಂತೂ ಇದು ಹಳೆಯ ಕತೆ. 1850ರ ದಶಕದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಅತಿಯಾಗಿ ತಾಗುತ್ತಿತ್ತು. ಸಮುದ್ರ ಸರಿಯಾಗಿ ಬರುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬೆಳ್ಳಗೆ ಬೆಂದುಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ, ದಿಗಂತದ ಗೆರೆಯಲ್ಲಿ ಎರಡನ್ನೂ ಜೋಡಿಸಿ ಮುದ್ರಿಸಿದ. ಜನ ಬೆರಗಾಗಿ ನೋಡಿದ ಕಡಲಿನ ಮೊದಲ ದೊಡ್ಡ ಫೋಟೊಗಳಲ್ಲಿ ಹಲವು ಹೀಗೆ ಹೊಲಿದವು. ಹಾಗಾಗಿ ‘ತಿದ್ದಬಹುದೇ’ ಎಂಬ ಪ್ರಶ್ನೆ ಇಟ್ಟುಕೊಂಡು ಈ ಹದಿನೇಳನ್ನು ನೋಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ತಿದ್ದುವಾಗ ಅವರವರ ಕಣ್ಣು ಎಲ್ಲಿತ್ತು ಎಂಬುದು ಬೇಕು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಪರದೇಶಕ್ಕೆ ಹೋಗಬೇಕಿಲ್ಲ, ತಾಳಮದ್ದಲೆ ಇದೆ. ಭಾಗವತರು ಹೇಳುವ ಪದ ಒಂದೇ. ವಾಲಿವಧೆಯ ಅದೇ ಪದಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಒಂದು ಅರ್ಥ, ಮತ್ತೊಬ್ಬರು ಕೂತರೆ ಇನ್ನೊಂದು. ಪ್ರಸಂಗ ಗೊತ್ತಿದ್ದೂ ಜನ ರಾತ್ರಿಯಿಡೀ ಕೂರುವುದು ಈ ವ್ಯತ್ಯಾಸಕ್ಕೆ. ಕೆರೆಮನೆ ಮೇಳದ ಊರಾದ ಗುಣವಂತೆ ಕಾಸರಕೋಡಕ್ಕೆ ದೂರವೇನಲ್ಲ. ಈ ಆಟ ಆಡಿದವರಲ್ಲಿ ಹಲವರು ಚೌಕಿಯ ಬೆಳಕಲ್ಲೇ ಫೋಟೊ ತೆಗೆಯಲು ಕಲಿತವರು. ಅಮೆರಿಕದ ಆನ್ಸೆಲ್ ಆಡಮ್ಸ್, ಮೊದಲು ಪಿಯಾನೊ ಕಲಿತಿದ್ದವನು, ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಮುದ್ರಣವನ್ನು ಕಛೇರಿಗೂ ಹೋಲಿಸುತ್ತಿದ್ದ. 1941ರಲ್ಲಿ ತೆಗೆದ ತನ್ನ ಪ್ರಸಿದ್ಧ ಚಂದ್ರೋದಯದ ಚಿತ್ರವನ್ನು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದ. ಬರಬರುತ್ತ ಅದರ ಆಕಾಶ ಕಪ್ಪಾಗುತ್ತ ಹೋಯಿತು. ತನ್ನ ಪದಕ್ಕೆ ತಾನೇ ಹೊಸ ಅರ್ಥ ಹೇಳಿದ ಹಾಗೆ.

ಆದರೆ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಅರ್ಥಧಾರಿ ಎಷ್ಟೇ ದೂರ ಹೋದರೂ ಪದ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಆತ ಯಾವುದನ್ನು ಹಾರಿಸಿದ ಎಂದು ಸಭೆಗೆ ಗೊತ್ತಾಗುತ್ತದೆ. ಫೋಟೊದಲ್ಲಿ ಪದ ಕೇಳುವುದಿಲ್ಲ, ಅರ್ಥ ಮಾತ್ರ ಕೇಳುತ್ತದೆ. ಈ ಆಟದ ಹೊರಗೆ, ರಾ ಕಡತವಾಗಲಿ ತಿದ್ದಿದ ಪಟ್ಟಿಯಾಗಲಿ ಇಲ್ಲದೆ, ಹದಿನೇಳರಲ್ಲಿ ಯಾವುದೇ ಒಂದು ನಿಮ್ಮ ಕೈಗೆ ಬಂದರೆ ನೀವು ಅದನ್ನೇ ಕಾಸರಕೋಡ ಎಂದುಕೊಳ್ಳುತ್ತೀರಿ.

ಈಗ ಆ ರೂಪಗಳಿಗೆ ಬರೋಣ. ಎಲ್ಲವನ್ನೂ ಹೇಳುವುದಿಲ್ಲ. ಐದಾರು ಒಂದೇ ಅಚ್ಚಿನವು: ನೆರಳು ಹಸಿರುನೀಲಿ, ಬೆಳಕು ಕಿತ್ತಳೆ. ಸಿನಿಮಾ ಪೋಸ್ಟರುಗಳಿಂದ ಇಳಿದು ಮದುವೆ ವಿಡಿಯೊ ಹಾದು ಇಲ್ಲಿಗೆ ಬಂದ ಬಣ್ಣ. ಕಾಸರಕೋಡವೋ ಗೋವೆಯೋ ಐಸ್‌ಲ್ಯಾಂಡೋ ಹೇಳಲಾಗದು. ಇಬ್ಬರು ಕಪ್ಪು ಬಿಳುಪು ಮಾಡಿದ್ದಾರೆ, ಚೆನ್ನಾಗಿದೆ, ಆದರೆ ಕಪ್ಪು ಬಿಳುಪಿಗೆ ಹೋದದ್ದು ಬಣ್ಣದ ತಲೆನೋವು ತಪ್ಪಿಸಿಕೊಳ್ಳಲು ಎಂದು ಅವರೇ ಪಟ್ಟಿಯಲ್ಲಿ ಬರೆದುಕೊಂಡಿದ್ದಾರೆ.

ನಾಲ್ವರು ಸೂರ್ಯಾಸ್ತ ಮಾಡಿದ್ದಾರೆ. ಪಶ್ಚಿಮದ ಕಡಲು, ಸೂರ್ಯಾಸ್ತ ಇರದಿದ್ದರೆ ಹೇಗೆ! ಶಾಲೆಯಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಗುಡಿಸಲು ಬರೆದು ‘ಸೀನರಿ’ ಎಂದು ಕರೆದ ಅಭ್ಯಾಸ ಬೆರಳಿಗೆ ಅಂಟಿಕೊಂಡಿದೆ. ಈಗ ಅದಕ್ಕೆ ಬಣ್ಣದ ಪೆನ್ಸಿಲು ಬೇಡ. ಫೋಟೊಶಾಪಿಗೆ ಆಕಾಶ ಬದಲಿಸುವ ಗುಂಡಿ ಬಂದದ್ದು 2020ರ ಅಕ್ಟೋಬರಿನಲ್ಲಿ. ಅದೇ ತಿಂಗಳು ಕಾಸರಕೋಡದ ದಂಡೆಗೆ ಪಡುಬಿದ್ರಿಯೂ ಸೇರಿ ದೇಶದ ಇನ್ನೇಳು ದಂಡೆಗಳ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ನೆನಪಿಡಲು ಅನುಕೂಲ. ಈ ನಾಲ್ಕು ಚಿತ್ರಗಳಲ್ಲಿ ಮೂರರಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಿದ್ದಾನೆ, ದೋಣಿಗಳ ನೆರಳೂ ಕಡಲ ಕಡೆಗೇ ಬಿದ್ದಿದೆ. ಬೆಳಗಿನ ಬೆಳಕು ಪೂರ್ವದಿಂದ ಬಂದಿತ್ತಲ್ಲ. ಎರಡು ಸೂರ್ಯರ ಊರು. ಕುಮಟೆಯ ಮಾಸ್ತರರೊಬ್ಬರು ಅದನ್ನು ಕಂಡು, ‘ತಮ್ಮಾ, ನಿನ್ನ ಸೂರ್ಯ ಮುಳುಗೂಕೆ ಹೋದಂವ, ಹಿಂದಿನಂವ ಯಾರೋ?’ ಎಂದು ಕೇಳಿದ್ದು ಆ ವಾರದ ಅತ್ಯುತ್ತಮ ವಿಮರ್ಶೆ. ನಾಲ್ಕನೆಯವರು ನೆರಳನ್ನೂ ತಿರುಗಿಸಿ ಬರೆದಿದ್ದಾರೆ. ಅಷ್ಟು ಶ್ರಮಕ್ಕೆ ಮರ್ಯಾದೆ ಕೊಡಬೇಕು.

ನಾನು ಹೆಚ್ಚು ಹೊತ್ತು ನಿಂತದ್ದು ಬೇರೆ ಕಡೆ. ಹದಿನೇಳರಲ್ಲಿ ಹನ್ನೊಂದು ಮಂದಿ ಆ ಥರ್ಮಾಕೋಲ್ ಪೆಟ್ಟಿಗೆಯನ್ನು ಅಳಿಸಿದ್ದಾರೆ. ಒಂಬತ್ತು ಮಂದಿ ಟಾರ್ಪಾಲನ್ನು ಅಳಿಸಿದ್ದಾರೆ ಅಥವಾ ಅದರ ನೀಲಿಯನ್ನು ಸತ್ತ ಬೂದು ಮಾಡಿದ್ದಾರೆ. ಆರು ಮಂದಿಯ ಚಿತ್ರದಲ್ಲಿ ಚಪ್ಪರವೇ ಇಲ್ಲ, ಅದರೊಂದಿಗೆ ಆ ಇಬ್ಬರು ಹೆಂಗಸರೂ ಇಲ್ಲ. ದೋಣಿ ಮಾತ್ರ ಎಲ್ಲರಲ್ಲೂ ಇದೆ! ದೋಣಿ ಚಂದ, ಬಲೆ ಪರವಾಗಿಲ್ಲ, ಮೀನು, ಮೀನಿನ ಪೆಟ್ಟಿಗೆ, ಮೀನು ಒಣಗಿಸುವವರು ಬೇಡ. ಪಟ್ಟಿಗಳಲ್ಲಿ ಇದಕ್ಕೆ ಬಳಸಿದ ಪದ ಹೆಚ್ಚುಕಡಿಮೆ ಎಲ್ಲರದೂ ಒಂದೇ, ‘ಕ್ಲೀನ್ ಮಾಡಿದೆ’.

ಹೊನ್ನಾವರ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಹಿರಿಯರೊಬ್ಬರ ರೂಪವನ್ನು ಇದರ ಪಕ್ಕ ಇಡಬೇಕು. ಫಿಲಂ ಕಾಲದಿಂದ ಪಾಸ್‌ಪೋರ್ಟ್ ಫೋಟೊ ತೆಗೆದುಕೊಂಡು ಬಂದವರು. ಅವರ ಪಟ್ಟಿಯಲ್ಲಿರುವುದು ನಾಲ್ಕೇ ಸಾಲು. ಮೊದಲನೆಯದು: ಪೆಟ್ಟಿಗೆಯ ಮೇಲೆ ಬಿಳಿ ಸಮತೋಲ ಹಿಡಿದೆ. ತಂತ್ರಾಂಶಕ್ಕೆ ಬಿಳಿ ಯಾವುದೆಂದು ತೋರಿಸಲು ಚಿತ್ರದಲ್ಲಿ ಬಣ್ಣವಿಲ್ಲದ ಒಂದು ವಸ್ತು ಬೇಕು. ಮರಳು ಆಗುವುದಿಲ್ಲ, ಅದರಲ್ಲಿ ಹಳದಿ ಇದೆ. ನೊರೆ ಆಗುವುದಿಲ್ಲ, ಆಕಾಶದ ನೀಲಿ ಹಿಡಿದಿರುತ್ತದೆ. ಮೋಡದ ಬಣ್ಣವನ್ನೇ ತಿಳಿಯಬೇಕಾಗಿರುವಾಗ ಅದನ್ನು ನಂಬುವಂತಿಲ್ಲ. ಆ ಇಡೀ ದೃಶ್ಯದಲ್ಲಿ ಯಾವ ಬಣ್ಣವೂ ಇಲ್ಲದ್ದು ಎಂದು ನಂಬಬಹುದಾಗಿದ್ದ ಒಂದೇ ವಸ್ತು ಆ ಪೆಟ್ಟಿಗೆ. ಹನ್ನೊಂದು ಜನ ಕಸವೆಂದು ಮೊದಲು ಎತ್ತಿ ಬಿಸಾಡಿದ್ದನ್ನೇ ಇವರು ಅಳತೆಗೋಲು ಮಾಡಿಕೊಂಡರು. ಅವರ ಚಿತ್ರದಲ್ಲಿ ನೀರು ಬೂದುಗಂದು, ಆಕಾಶ ಬೂದು, ಮರಳು ನಸುಗಂದು, ಟಾರ್ಪಾಲು ನಮ್ಮ ಊರಿನ ಪ್ರತಿ ಸೌದೆ ರಾಶಿಯ ಮೇಲೂ ಹೊದೆಸಿದ ಅದೇ ನೀಲಿ. ಮಳೆ ಹೋದ ಮೇಲಿನ ಬೆಳಗನ್ನು ಕಂಡವರಿಗೆ ಮೂಗಿಗೆ ಉಪ್ಪು ವಾಸನೆ ಬರುವಂತಿದೆ. ಅನುಮಾನವೇ ಇಲ್ಲ, ಹದಿನೇಳರಲ್ಲಿ ಕಲೆಗಾರಿಕೆಯ ದೃಷ್ಟಿಯಿಂದ ಇದೇ ಮೇಲು. ಬಂದ ಮೆಚ್ಚುಗೆ ಕಡಿಮೆ.

ಅಳಿಸಿದವರನ್ನು ಬೈಯುವುದು ಸುಲಭ. ಭಟ್ಕಳದ ಒಬ್ಬರು ದುಬೈನಲ್ಲಿದ್ದಾರೆ. ಚಪ್ಪರ, ಪೆಟ್ಟಿಗೆ, ಬಲೆ ಎಲ್ಲ ತೆಗೆದು ದೋಣಿ ಮತ್ತು ನೀರು ಮಾತ್ರ ಉಳಿಸಿಕೊಂಡಿದ್ದಾರೆ. ‘ನನಗೆ ಊರು ಅಂದ್ರೆ ಇಷ್ಟೇ ಬೇಕು, ಉಳಿದದ್ದು ನೆನಪಾದ್ರೆ ನಿದ್ದೆ ಬರೂದಿಲ್ಲ’ ಎಂದು ಬರೆದರು. ಇದಕ್ಕೆ ಏನು ಹೇಳುವುದು? ಹನೇಹಳ್ಳಿಯನ್ನು ಮುಂಬಯಿಯಲ್ಲಿ ಕೂತು ಕತೆಯಿಂದ ಕತೆಗೆ ಮತ್ತೆ ಮತ್ತೆ ಕಟ್ಟಿದ ಯಶವಂತ ಚಿತ್ತಾಲರೂ ಊರಿನಿಂದ ಬೇಕಾದ್ದನ್ನು ಆರಿಸಿಕೊಂಡವರೇ. ಆದರೆ ಚಿತ್ತಾಲರ ಹನೇಹಳ್ಳಿಯಿಂದ ಮನುಷ್ಯರು ಕಾಣೆಯಾಗಲಿಲ್ಲ. ದೂರ ಹೋದಷ್ಟೂ ಅಲ್ಲಿ ಜನ, ಜನರ ಗುಟ್ಟು, ಭಯ ಜಾಸ್ತಿಯಾಯಿತು. ದೂರದಲ್ಲಿರುವುದರಿಂದ ಊರು ಖಾಲಿಯಾಗಲೇಬೇಕೆಂದಿಲ್ಲ.

ಇದು ಬರೀ ಅಭಿರುಚಿಯ ಮಾತಾಗಿದ್ದರೆ ಇಲ್ಲಿಗೆ ಬಿಡಬಹುದಿತ್ತು. ಆದರೆ ಕಾಸರಕೋಡದ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಬಂಧನಗಳಾಗಿವೆ, ವಿಷಯ ಹೈಕೋರ್ಟಿಗೂ ಹೋಗಿದೆ. ಬಂದರು ಬಂದರೆ ಕೆಲಸ ಸಿಕ್ಕೀತು ಎನ್ನುವವರೂ ಜಿಲ್ಲೆಯಲ್ಲಿದ್ದಾರೆ, ಅದು ಬೇರೆ ಚರ್ಚೆ. ಆ ವಿವಾದದ ಮಧ್ಯದಲ್ಲಿರುವ ಪ್ರಶ್ನೆ ಮಾತ್ರ ಸರಳವಾದದ್ದು: ಈ ಮರಳಿನ ಮೇಲೆ ಏನಿದೆ? ದೋಣಿ ಎಳೆಯುವ ಜಾಗ ಇದೆ, ಒಣಮೀನಿನ ಕಸುಬಿದೆ, ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ ಎಂದು ಒಂದು ಕಡೆಯವರು ಹೇಳಬೇಕಾಗುತ್ತದೆ. ನೆಲ ಬೇಕಾದವರಿಗೆ ಅದು ಖಾಲಿ ಕಂಡಷ್ಟೂ ಒಳ್ಳೆಯದು. ಇಂಥ ಕಡೆ ಚಪ್ಪರ ಅಳಿಸಿದ ಚಂದದ ಚಿತ್ರ ಯಾರ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ತಿದ್ದಿದವರು ಯೋಚಿಸಿರಲಾರರು. ಅವರ ಉದ್ದೇಶ ಅದಲ್ಲ ಎಂದು ಗೊತ್ತು. ಚಿತ್ರಕ್ಕೆ ಉದ್ದೇಶ ಗೊತ್ತಾಗುವುದಿಲ್ಲ.

ಹೊರಗಿನ ಜಗತ್ತು ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಅಂತರರಾಷ್ಟ್ರೀಯ ಸಲೋನುಗಳ ‘ನೇಚರ್’ ವಿಭಾಗದಲ್ಲಿ ಚಿತ್ರದಿಂದ ಏನನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ, ಅಂಚು ಕತ್ತರಿಸಬಹುದು. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ಕೊನೆಯ ಸುತ್ತಿನವರಿಂದ ರಾ ಕಡತವನ್ನೇ ಸಾಕ್ಷಿಯಾಗಿ ಕೇಳುತ್ತದೆ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತದ್ವಿರುದ್ಧ ಹೇಳಿತು: ರಾ ಕಡತದಿಂದ ಸಂಸ್ಕರಿಸಿದ್ದು ಬೇಡ, ಕ್ಯಾಮೆರಾದಿಂದ ನೇರ ಬಂದ ಜೆಪೆಗ್ ಕಳಿಸಿ ಎಂದು ಹೊರಗಿನ ಛಾಯಾಗ್ರಾಹಕರಿಗೆ ತಿಳಿಸಿತು. ಮರುವರ್ಷ ಸ್ಟೀವ್ ಮೆಕರಿಯ ಕೆಲವು ಚಿತ್ರಗಳಲ್ಲಿ ಮನುಷ್ಯರೂ ವಸ್ತುಗಳೂ ಮಾಯವಾದದ್ದು ಬಯಲಾದಾಗ, ತನ್ನನ್ನು ಪತ್ರಕರ್ತ ಅನ್ನಬೇಡಿ, ದೃಶ್ಯದಲ್ಲಿ ಕತೆ ಹೇಳುವವ ಅನ್ನಿ ಎಂಬ ಅರ್ಥದ ಸಮಜಾಯಿಷಿ ಬಂತು. ಕತೆ ಹೇಳುವವರಿಗೆ ಮನುಷ್ಯರನ್ನು ಅಳಿಸುವ ವಿಶೇಷ ಪರವಾನಗಿ ಇದೆಯೆಂದು ಕೇಳಿ, ಕತೆಗಳನ್ನೇ ಓದುತ್ತಿರುವ ನನಗೆ ಆಶ್ಚರ್ಯವಾಯಿತು.

ನಿಯಮಗಳಿಂದ ಈ ಹದಿನೇಳನ್ನು ಅಳೆಯಲಾಗದು ಎನ್ನುವುದಕ್ಕೆ ಇನ್ನೊಂದು ಕಾರಣ ಈ ಭೂದೃಶ್ಯವೇ. ಆ ಗಾಳಿಮರ ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆಯದು, ಇಲ್ಲಿ ನೆಟ್ಟದ್ದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಂದಿನಿಂದ ಅಳಿವೆಗೆ ಎಷ್ಟು ಸಿಹಿನೀರು, ಯಾವಾಗ ಬರಬೇಕೆನ್ನುವುದು ಮಳೆಯಷ್ಟೇ ವಿದ್ಯುದಾಗಾರದ ಕೈಯಲ್ಲೂ ಇದೆ. ನೀರಿನ ಉಪ್ಪು ಬದಲಾದರೆ ಅದರಲ್ಲಿ ಬದುಕುವ ಬಳಚು, ಸೀಗಡಿ, ಮೀನಿನ ಲೆಕ್ಕವೂ ಬದಲಾಗುತ್ತದೆ. ಕುಮಟೆಯ ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ, ಅಲ್ಲಿನ ಅಳಿವೆಯಲ್ಲಿ ಬಳಚು ಆರಿಸುವವರನ್ನು ಇವತ್ತೂ ನೋಡಬಹುದು. ಬ್ಲೂ ಫ್ಲ್ಯಾಗ್ ದಂಡೆಯೂ 33 ಮಾನದಂಡಗಳಿಗೆ ತಕ್ಕಂತೆ ಗುಡಿಸಿ ಒರೆಸಿ ಇಟ್ಟದ್ದು. ಫೋಟೊ ತೆಗೆಯುವ ಮೊದಲೇ ಕಾಸರಕೋಡವನ್ನು ಬಹಳ ಮಂದಿ ತಿದ್ದಿದ್ದಾರೆ, ಅವರ ಪಟ್ಟಿ ಯಾರೂ ಕೊಟ್ಟಿಲ್ಲ.

ಕೊನೆಗೆ ಬಂದ ರೂಪ ಟೊಂಕದ ಹುಡುಗನೊಬ್ಬನದು. ಮನೆಯಲ್ಲಿ ದೋಣಿ ಇದೆ, ತಾನು ಡಿಪ್ಲೊಮಾ ಓದುತ್ತಿದ್ದಾನೆ, ಚಿತ್ರ ತಿದ್ದಿದ್ದು ಮೊಬೈಲಿನಲ್ಲಿ. ಅವನು ಮಾಡಿದ್ದು ಒಂದೇ ಕೆಲಸ, ನೆರಳನ್ನು ಎತ್ತಿದ. ಎಷ್ಟು ಎತ್ತಿದನೆಂದರೆ ಆಕಾಶವೆಲ್ಲ ಬೆಳ್ಳಗೆ ಬೆಂದುಹೋಗಿದೆ, ಬಸವರಾಜ ದುರ್ಗ ಕಾಣುವುದೇ ಇಲ್ಲ, ಚಪ್ಪರದ ಕೆಳಗೆ ಬಣ್ಣದ ಕಾಳುಕಾಳು ಎದ್ದಿವೆ. ಆದರೆ ಆ ಇಬ್ಬರು ಹೆಂಗಸರು ಕಾಣುತ್ತಾರೆ. ಒಬ್ಬಳು ತಲೆಗೆ ಟವೆಲು ಸುತ್ತಿದ್ದಾಳೆ, ಇನ್ನೊಬ್ಬಳ ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಏನಿದೆ ಎಂದೂ ತಿಳಿಯುತ್ತದೆ.

ಚಿತ್ರವಾಗಿ ಇದು ಕೆಟ್ಟದ್ದು ಎಂದು ಹಲವರು ಹೇಳಿದರು. ನಿಜ. ಸ್ಟುಡಿಯೋದವರ ಪಕ್ಕ ಇಟ್ಟರೆ ತಡೆಯುವುದಿಲ್ಲ. ಬಡವರ ಕೈಯದು, ಟೊಂಕದ ಹುಡುಗನದು ಎಂಬ ಕಾರಣಕ್ಕೆ ಅದನ್ನು ಮೇಲೆ ಕೂರಿಸುವುದೂ ಒಂದು ಬಗೆಯ ಅವಮಾನವೇ. ಅವನೂ ಆರಿಸಿಕೊಂಡಿದ್ದಾನೆ, ಕಡಲನ್ನು ಕಳೆದುಕೊಂಡು ಚಪ್ಪರ ಉಳಿಸಿಕೊಂಡಿದ್ದಾನೆ. ಆದರೆ ಒಂದು ವ್ಯತ್ಯಾಸ ನನಗೆ ಮುಖ್ಯ. ಉಳಿದ ಹದಿನಾರು ಮಂದಿಯೂ ಚಿತ್ರವನ್ನು ದಿಗಂತದಿಂದ ಓದಲು ಶುರುಮಾಡಿದ್ದಾರೆ, ಸ್ಟುಡಿಯೋದವರೂ ಸಹ. ಪೆಟ್ಟಿಗೆ ಅವರಿಗೆ ಅಳತೆಗೋಲು ಅಷ್ಟೇ, ಅದರ ಕಡೆ ನೋಡಿ ಮತ್ತೆ ಕಡಲಿಗೆ ಹೋದರು. ಈ ಹುಡುಗ ಚಪ್ಪರದಿಂದ ಓದಿದ್ದಾನೆ. ರಾ ಕಡತದ ಕತ್ತಲೆಯಲ್ಲಿ ಜನ ಇದ್ದಾರೆಂದು ಅವನಿಗೆ ಮೊದಲೇ ಗೊತ್ತಿತ್ತು, ಹಾಗಾಗಿ ಹುಡುಕಿದ. ತಂತ್ರ ಗೊತ್ತಿದ್ದ ಬೇರೆ ಯಾರೇ ಆದರೂ ಆ ಭಾಗವನ್ನಷ್ಟೇ ಆರಿಸಿ ನೆರಳೆತ್ತಿದ್ದರೆ ಆಕಾಶವೂ ಉಳಿಯುತ್ತಿತ್ತು, ಹೆಂಗಸರೂ ಕಾಣುತ್ತಿದ್ದರು. ಕಡತದಲ್ಲಿ ಎರಡಕ್ಕೂ ಬೇಕಾದಷ್ಟು ಬೆಳಕು ಇತ್ತು.

ಆಮೇಲೆ ಸ್ಟುಡಿಯೋದವರು ಅದನ್ನೇ ಮಾಡಿ ಹದಿನೆಂಟನೆಯದೊಂದನ್ನು ಕಳಿಸಿದರು. ತಮ್ಮ ಹಳೆಯ ನಾಲ್ಕು ಸಾಲು, ಅದರ ಕೆಳಗೆ ಹುಡುಗನ ಒಂದು ಸಾಲು. ಹುಡುಗ ನೋಡಿ, ‘ಚೊಲೋ ಬಂತು ಸರ್, ಆದ್ರೆ ಎಡಕ್ಕೆ ಇನ್ನೂ ಎರಡು ಚಪ್ಪರ ಇತ್ತಲ್ಲ, ಅದ್ಯಾಕೆ ಇಲ್ಲ?’ ಎಂದು ಕೇಳಿದ. ಅದು ಚೌಕಟ್ಟಿನ ಹೊರಗೇ ಉಳಿದದ್ದು, ಯಾವ ತಂತ್ರಾಂಶವೂ ತರಲಾರದ್ದು. ಫೋಟೊ ತೆಗೆದವರು ತಮ್ಮ ಕಾರ್ಡು ಹುಡುಕಿದರು. ಮೂರು ನಿಮಿಷ ಮೊದಲು ಇನ್ನಷ್ಟು ಎಡಕ್ಕೆ ತಿರುಗಿ ತೆಗೆದದ್ದೊಂದು ಸಿಕ್ಕಿದೆ. ಅದರಲ್ಲಿ ದೋಣಿ ಅರ್ಧ ಕತ್ತರಿಸಿಹೋಗಿದೆ, ಮುಂದೆ ಒಂದು ನಾಯಿ ಅಡ್ಡ ಬಂದಿದೆ. ಮುಂದಿನ ವಾರದ ಆಟಕ್ಕೆ ಅದನ್ನೇ ಕೊಡುವುದೆಂದಾಗಿದೆ.